ಮನೆಮನೆಯಲ್ಲಿ ಇಟ್ಟ ಇಂಗ್ಲಿಷು

ವಿನಯಾ ನಮ್ಮ ಅಂಗಳಕ್ಕೆ ಬಂದು ಮೊದಲ ಸಲ "ಅಮ್ಮಮ್ಮ" ಎಂದು ಕರೆದ ದಿನವೇ ನಾನೊಂದು ಘೋಷಣೆ ಮಾಡಿದೆ. ಈ ಇಂಗ್ಲಿಷು ಎಂಬುದನ್ನು ಒಂದೇ ಮಳೆಗಾಲದಲ್ಲಿ ಹಿಡಿದು, ಉಪ್ಪು ಹಾಕಿ, ಒಣಗಿಸಿ, ಡಬ್ಬಿಗೆ ತುಂಬಿಸಿ ಇಡುತ್ತೇನೆ ಎಂದು. ಘೋಷಣೆ ಕೇಳಿದವರು ವಿನಯಾ, ನನ್ನ ನಾದಿನಿ ಜಲಜ ಮತ್ತು ಮೀನು ತೊಳೆದ ನೀರಿಗೆ ಕಾದು ಕೂತ ನಮ್ಮ ಬೆಕ್ಕು. ಬೆಕ್ಕು ಮಾತ್ರ ನಗಲಿಲ್ಲ.

ವಿನಯಾ ಸಿದ್ದಾಪುರದ ಕಡೆಯ ಹೆಣ್ಣು. ಬಿ.ಎ. ಮಾಡಿ, ಮಂಗಳೂರಿನ ಯಾವುದೋ ಕಂಪೆನಿಯಿಂದ ಇಂಗ್ಲಿಷ್ ಮಾತಾಡಲು ಕಲಿಸುವ ಕ್ಲಾಸಿನ ಬೋರ್ಡು ತಂದಿದ್ದಳು. ಬೋರ್ಡು ಇತ್ತು, ಅದನ್ನು ತೂಗುಹಾಕಲು ಗೋಡೆ ಇರಲಿಲ್ಲ. ನಮ್ಮ ಮನೆ ಕೋಟೇಶ್ವರದ ಬಸ್‌ಸ್ಟ್ಯಾಂಡಿನಿಂದ ಕೂಗಿದರೆ ಕೇಳುವಷ್ಟು ಹತ್ತಿರ. ನನ್ನವರು ಹೋದ ಮೇಲೆ ಅವರು ಬಲೆ ಇಡುತ್ತಿದ್ದ ಹೊರಕೋಣೆ ಖಾಲಿ ಬಿದ್ದಿತ್ತು.

"ಮೀನಿನ ವಾಸ್ನಿ ಇತ್ತ್ ಹೆಣ್ಣೇ, ಅಡ್ಡಿಲ್ಯಾ?" ಎಂದು ಕೇಳಿದೆ.

"ಅಡ್ಡಿಲ್ಲ ಅಮ್ಮಮ್ಮ. ಒಂದ್ ವರ್ಷ ಕಳುದ್ರೊಳಗೆ ಕಂಪೆನಿಯ ದೊಡ್ಡ ಸರ್ ಬತ್ರ್. ಕೋಟೇಶ್ವರಕ್ಕೆ ಈ ಕ್ಲಾಸ್ ಬೇಕಾ ಬ್ಯಾಡ್ದಾ ಅಂತ ಕಂಡ್ಕಂಡ್ ಹೇಳ್ತ್ರ್. ಬೇಕ್ ಅಂದ್ರೆ ಬೋರ್ಡ್ ನಂದೇ. ಬ್ಯಾಡ ಅಂದ್ರೆ ಬೊಂಬಾಯಿ."

ಬೊಂಬಾಯಿಯಲ್ಲಿ ಅವಳ ಅಣ್ಣನ ಕ್ಯಾಂಟೀನು. ಅಲ್ಲಿ ಹೋಗಿ ಅತ್ತಿಗೆಯ ಮಕ್ಕಳ ಮೂಗು ಒರಸಿಕೊಂಡು, ಹಿಟ್ಟು ಕಲಸಿಕೊಂಡು ಇರಬೇಕು. ಅಣ್ಣ ಆಗಲೇ ಎರಡು ಸಲ ಫೋನು ಮಾಡಿ ಯಾವ ರೈಲಿಗೆ ಬರುತ್ತಿ ಎಂದು ಕೇಳಿಯಾಗಿತ್ತು.

"ನಂಗ್ ಬೊಂಬಾಯಿ ಬ್ಯಾಡ. ನಂಗೆ ನನ್ ಹೆಸ್ರ್ ಬರ್ದ್ ಒಂದ್ ಬೋರ್ಡ್ ಬೇಕ್ ಅಮ್ಮಮ್ಮ" ಎಂದಳು.

ನಾನು ತಲೆಯ ಮೇಲೆ ಮೀನುಬುಟ್ಟಿಗೆ ಒತ್ತಾಗಿ ಇಡುವ ಸಿಂಬೆ ತೆಗೆದು ಗೂಟಕ್ಕೆ ಸಿಕ್ಕಿಸಿ ಹೇಳಿದೆ: "ಬೋರ್ಡ್ ಹಾಕ್. ಮೊದಲ್ನೇ ಮಗು ನಾನೇ."

ಜಲಜ ಬಾವಿಕಟ್ಟೆಯಿಂದಲೇ ಕೂಗಿದಳು. "ಹ್ವಾಯ್ ಅತ್ಗಿ, ಕನ್ನಡದಗೆ ಲೆಕ್ಕಕ್ಕೆ ಎರಡ್ನೇ ಕ್ಲಾಸ್, ಇಂಗ್ಲಿಷಿಗೆ ಕೂಕಂಬುದಾ?"

"ಇಡೀ ಕೋಟೇಶ್ವರದತ್ರ ಕ್ರಯಕ್ಕೆ ಚರ್ಚೆ ಮಾಡಿ ಬಂಗ್ಡಿ ಮಾರಿದ್ ಬಾಯಿ ಇದ್. ಇಂಗ್ಲಿಷ್ ಎಂತ, ಹಲ್ಲಿಲ್ದಿದ್ ಮೀನ್" ಎಂದೆ. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಜಲಜ ಇಟ್ಟುಕೊಂಡಿದ್ದಾಳೆ.

ಮೊದಲ ಪಾಠ "ಹೌ ಆರ್ ಯು". ಅಂದರೆ, ನೀವು ಹೇಗಿದ್ದೀರಿ.

"ಇದಕ್ಕೆ 'ಫೈನ್' ಅನ್ಕ್" ಎಂದಳು ವಿನಯಾ. "ಫೈನ್ ಅಂದ್ರೆ ಲಾಯ್ಕಿದ್ದೆ, ಆರಾಮಿದ್ದೆ."

ನಾನು ಪಟ್ಟನೆ ಬಾಯಿಗೆ ಸೆರಗು ಮುಚ್ಚಿಕೊಂಡೆ. ನಮ್ಮ ಕಡೆ ಪ್ರಾಯದ ಹೆಂಗಸು, ಅದರಲ್ಲೂ ನನ್ನಂಥ ಒಂಟಿ ಹೆಂಗಸು, ಬಾಯಿಬಿಟ್ಟು ಆರಾಮಿದ್ದೇನೆ ಎನ್ನುವುದುಂಟಾ? ಹೇಳಿದ ಮರುದಿನವೇ ಕಣ್ಣು ಬಿದ್ದು ಗಂಟು ಹಿಡಿದುಕೊಳ್ಳುತ್ತದೆ. ಹೇಗಿದ್ದೀರಿ ಎಂದರೆ "ಹೀಂಗೇ ಒಂದ್ ನಮೂನಿ" ಎನ್ನಬೇಕು, ಅಥವಾ ಸೊಂಟ ಹಿಡಿದುಕೊಂಡು ಒಂದು ಉಸಿರು ಬಿಡಬೇಕು. ಎದುರಿನವರಿಗೂ ಸಮಾಧಾನ, ನಮಗೂ ಕ್ಷೇಮ.

"ಅದ್ ಬ್ಯಾಡ. ಬೇರೆ ಕೊಡ್. ಅದೂ ಅಲ್ದೆ ಒಂದ್ ಬೈಗಿ ಮೀನಿನಷ್ಟ್ ಸಣ್ಣ ಮಾತ್, ಕೈಯಗೆ ಹಿಡ್ದ್ರೆ ಕಾಂಬುದೇ ಇಲ್ಲ" ಎಂದೆ.

ವಿನಯಾ ನಕ್ಕು, ಹಾಗಾದರೆ ದೊಡ್ಡದು ಎಂದು "ಅಂಡರ್ ದಿ ವೆದರ್" ಕೊಟ್ಟಳು. ಸ್ವಲ್ಪ ಹುಷಾರಿಲ್ಲ ಎಂದು ಅರ್ಥವಂತೆ. ಇಂಗ್ಲಿಷಿನವರೂ ಕಣ್ಣು ಬೀಳುವುದಕ್ಕೆ ಹೆದರುತ್ತಾರೆ ಎಂದು ತಿಳಿದು ಅವರ ಮೇಲೆ ನನಗೆ ಮೊದಲ ಸಲ ಗೌರವ ಹುಟ್ಟಿತು. ಇಂಥ ಮಾತಿಗೆ ಇಡಿಯಮ್ ಎನ್ನುತ್ತಾರೆ, ಕಂಪೆನಿಯ ಸರ್‌ಗೆ ಇದೆಂದರೆ ಬಹಳ ಪ್ರೀತಿ, ಕ್ಲಾಸು ನೋಡಲು ಬಂದಾಗ ಪರೀಕ್ಷೆಯಲ್ಲಿ ಇದನ್ನೇ ಕೇಳುತ್ತಾರೆ ಎಂದಳು.

"ಅಂಡರ್ ಅಂದ್ರೆ ಎಂತ, ವೆದರ್ ಅಂದ್ರೆ ಎಂತ?" ಎಂದು ಕೇಳಿದೆ. ನಾನು ಯಾವುದನ್ನೂ ಕಿವಿರು ಎತ್ತಿ ನೋಡದೆ ಬುಟ್ಟಿಗೆ ಹಾಕುವವಳಲ್ಲ.

"ಹಾಂಗ್ ಬಿಡ್ಸುಕಾಗ ಅಮ್ಮಮ್ಮ. ಈಗ ನೀವ್ ಮನೆಯಿಂದ ಹೊರಡುವಾಗ ಎಂತ ಹೇಳ್ತ್ರಿ?"

"'ಬತ್ತೆ' ಅಂತೆ ನಾನ್."

"ಹೋಪವ್ರ್ ಬತ್ತೆ ಅಂಬುದ್ ಎಂತಕ್ಕೆ ಅಂತ ಯಾರಾರೂ ಕೇಂತ್ರಾ?"

"ಕೇಂಡ್ರೆ ಮಂಡೆ ಸಮ ಇಲ್ಲ ಅಂಬ್ರ್."

"ಇದೂ ಹಾಂಗೇ. ಕೊಯ್ಯುಕಾಗ. ಇಡೀ ಎತ್ತಿ ಇಡ್ಕ್."

"ಇಡೀ ಮೀನಿನ ಹಾಂಗೆ?"

"ಇಡೀ ಮೀನಿನ ಹಾಂಗೆ."

ಸರಿ, ಇಡಬೇಕು. ಎಲ್ಲಿ ಇಡುವುದು? ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ನಾಲ್ಕೈದು ಮಂದಿ ಕ್ಲಾಸಿಗೆ ಬರುತ್ತಿದ್ದರು, ಅವರು ಬರೆದು ಇಟ್ಟುಕೊಂಡರು. ನನ್ನ ಬರವಣಿಗೆ ಎಂದರೆ ಒಂದು ಅಕ್ಷರ ಮುಗಿಸಿ ತಲೆ ಎತ್ತುವಾಗ ಪಾಠ ಮುಗಿದಿರುತ್ತದೆ. ನಾನು ನನ್ನ ದಾರಿ ಹಿಡಿದೆ. ದಾರಿ ಎಂದರೆ ಮೀನು ಮಾರುವ ದಾರಿ. ಆ ದಾರಿಯಲ್ಲಿ ಯಾರ ಮನೆಯಲ್ಲಿ ಯಾರಿಗೆ ಯಾವ ಮೀನು ಆಗದು, ಯಾವ ವಾರ ಒಲೆಗೆ ಮೀನು ಏರದು, ಯಾರ ಸೊಸೆ ಬಸುರಿ, ಎಲ್ಲವೂ ನನಗೆ ಆಯಾ ಮನೆಯ ಗೇಟು ಕಂಡ ಕೂಡಲೇ ತಾನಾಗಿ ನೆನಪಾಗುತ್ತದೆ. ಹಾಗಾದರೆ ಇಂಗ್ಲಿಷನ್ನೂ ಒಂದೊಂದು ಮನೆಯಲ್ಲಿ ಇಟ್ಟರಾಯಿತು!

ಮೊದಲು ಮಂಜಯ್ಯನ ದಿನಸಿ ಅಂಗಡಿ. ನನ್ನ ಬುಟ್ಟಿ ಕಂಡರೆ ಅವನಿಗೆ ಮೀನಿನ ಆಸೆ, ಹೆಂಡತಿಯ ಹೆದರಿಕೆ. ಅದಕ್ಕೆ ನನ್ನನ್ನು ಕಾಣದ ಹಾಗೆ ತಲೆ ತಗ್ಗಿಸಿ ಬೆಲ್ಲ ಒಡೆಯುತ್ತಾನೆ. ಅವನಿಗೆ "ಲಾಂಗ್ ಟೈಮ್ ನೋ ಸೀ" ಇಟ್ಟೆ. ಕಾಣದೆ ಬಹಳ ಕಾಲವಾಯಿತು ಎಂದು. ಆಮೇಲೆ ವನಜಳ ಮನೆ. ಮೀನು ಕೊಯ್ಯುವುದು ದೊಡ್ಡ ರಗಳೆ ಎಂದು ದಿನಾ ಗೊಣಗುತ್ತಾಳೆ. ಅವಳಿಗೆ "ಪೀಸ್ ಆಫ್ ಕೇಕ್", ಅಂದರೆ ಬಹಳ ಸುಲಭ. ಮೂರನೆಯದು ಪದ್ದುವಿನ ಮನೆ. ಪದ್ದು ಚರ್ಚೆಗೆ ನಿಂತರೆ ಮೀನು ಎದ್ದು ತಾನೇ ಸಮುದ್ರಕ್ಕೆ ಹೋಗಬೇಕು, ಹಾಗೆ. ಅವಳಿಗೆ "ಓವರ್ ಮೈ ಡೆಡ್ ಬಾಡಿ" ಇಟ್ಟೆ. ನನ್ನ ಹೆಣ ಬೀಳುವ ತನಕ ಒಪ್ಪುವುದಿಲ್ಲ ಎಂದು. ಕೊನೆಗೆ ಹೈವೇ ಬದಿಯ ಚಂದಯ್ಯನವರ ಮನೆ. ಅವರಿಗೆ ಗ್ಯಾಸು, ಮೊಣಕಾಲು, ನಿದ್ದೆಯಿಲ್ಲ, ಇದ್ದರೆ ಕೆಟ್ಟ ಕನಸು. "ಅಂಡರ್ ದಿ ವೆದರ್" ಇಡಲು ಇಡೀ ತಾಲೂಕಿನಲ್ಲಿ ಅದಕ್ಕಿಂತ ತಕ್ಕ ಜಾಗ ಇರಲಿಲ್ಲ.

ಇಟ್ಟ ಮಾತು ಇಟ್ಟಲ್ಲೇ ಇದೆಯಾ ಎಂದು ದಿನಾ ಹೇಳಿ ನೋಡುತ್ತಿದ್ದೆ. ಬುಟ್ಟಿ ಇಳಿಸಿ, ಮೀನು ಕೊಟ್ಟು, ಏಳುವಾಗ ಒಂದು ಇಂಗ್ಲಿಷು. ಆಗಲೇ ತಪ್ಪಾಯಿತು.

ನಮ್ಮಲ್ಲಿ ವ್ಯಾಪಾರ ಮುಗಿದ ಮೇಲೆ ಒಂದು ಕೊಸರು ಕೊಡಬೇಕು. ಲೆಕ್ಕದ ಮೇಲೆ ಒಂದು ಸಣ್ಣ ಮೀನು. ಅದು ಕೊಡದಿದ್ದರೆ ಮರುದಿನ ಗೇಟು ತೆಗೆಯುವುದಿಲ್ಲ. ಮಳೆಗಾಲದಲ್ಲಿ ದೊಡ್ಡ ದೋಣಿ ಇಳಿಯದು, ಬುಟ್ಟಿಯಲ್ಲಿ ಕೊಸರು ಕೊಡುವಷ್ಟು ಮೀನಿರುವುದಿಲ್ಲ. ಕೊಸರು ಹಾಕಬೇಕಾದ ಹೊತ್ತಿಗೆ ನಾನು ಸರಿಯಾಗಿ ಇಂಗ್ಲಿಷ್ ಹೇಳುತ್ತಿದ್ದೆನಲ್ಲ, ಮನೆಯವರು ಅದನ್ನೇ ಕೊಸರು ಎಂದು ತಿಳಿದರು. ನಾನೂ ಬೇಡ ಎನ್ನಲಿಲ್ಲ. ಖರ್ಚಿಲ್ಲದ ಕೊಸರು ಯಾರಿಗೆ ಬೇಡ?

ಒಂದು ದಿನ ವನಜ ಗೇಟಿಗೆ ಅಡ್ಡ ನಿಂತಳು.

"ಚಂದ್ರಮತಿಯಕ್ಕ, ನಂಗೆ ಎಷ್ಟ್ ಮಾತಿಂದ್ ಕೊಡುದ್ ನೀವ್?"

"ಮೂರ್ ಮಾತಿಂದ್. ಪೀಸ್, ಆಫ್, ಕೇಕ್."

"ಪದ್ದುಗೆ?"

ನಾನು ಸುಳ್ಳು ಹೇಳುವವಳಲ್ಲ. "ನಾಕ್."

"ನಾನ್ ಮೀನ್ ತಕಂತಿಲ್ಯಾ? ಅವ್ಳ್ ತಕಂಬುದ್ ಅಗ್ಗದ ಬೈಗಿ, ನಾನ್ ತಕಂಬುದ್ ದುಬಾರಿ ಕಾಣಿ. ಕಾಣಿಗೆ ಮೂರ್, ಬೈಗಿಗೆ ನಾಕಾ?"

ನ್ಯಾಯದ ಮಾತು. ವಿನಯಾಳ ಹತ್ತಿರ ಕೇಳಿ ಮರುದಿನ ವನಜಳಿಗೆ "ಒನ್ಸ್ ಇನ್ ಎ ಬ್ಲೂ ಮೂನ್" ಹೆಚ್ಚುವರಿ ಕೊಟ್ಟೆ. ಐದು ಮಾತಿನದ್ದು, ಅಪರೂಪಕ್ಕೊಮ್ಮೆ ಎಂದು ಅರ್ಥ. ಅದು ಗೋಡೆ ಹಾರಿ ಪದ್ದುವಿಗೆ ಗೊತ್ತಾಯಿತು. ಪದ್ದು ಎರಡು ದಿನ ಮೀನು ತೆಗೆದುಕೊಳ್ಳಲಿಲ್ಲ.

ಜಲಜಳೂ ಮೀನು ಮಾರುವವಳೇ, ನನ್ನ ಹಿಂದೆಯೇ ಬುಟ್ಟಿ ಹೊತ್ತು ಬರುವವಳು, ದಾರಿಯಲ್ಲೇ ಕೂಗುತ್ತಿದ್ದಳು. "ಅತ್ಗಿ, ಇವತ್ತ್ ಎಷ್ಟ್ ಕೆಜಿ ಇಂಗ್ಲಿಷ್ ಖರ್ಚಾಯ್ತ್?"

"ನಿಂಗ್ ಹೊಟ್ಟೆಕಿಚ್ಚ್."

"ನಂಗೆಂತ ಹೊಟ್ಟೆಕಿಚ್ಚ್. ನಿಮ್ ಗಿರಾಕಿ ಎಲ್ಲ ಮರ್ಲ್ ಹಿಡ್ದವ್ರ್ ಹಾಂಗೆ ಆಯ್ದ್ರ್. ಕಣ್ಣಗ್ ಕಂಡ್ಕಣಿ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೊಸರು ಎಂದು ಕೊಟ್ಟದ್ದನ್ನು ಅವರು ಸುಮ್ಮನೆ ಇಟ್ಟುಕೊಳ್ಳದೆ ಬಳಸಲು ಶುರುಮಾಡಿದ್ದರು. ಬೆಳಿಗ್ಗೆ ಎಣ್ಣೆ ಕೊಂಡುಹೋದವಳು ಶೀಶೆ ಸೋರುತ್ತದೆ ಎಂದು ಕೂಡಲೇ ತಿರುಗಿ ಬಂದರೆ ಮಂಜಯ್ಯ "ಲಾಂಗ್ ಟೈಮ್ ನೋ ಸೀ" ಎಂದು ಕೈಮುಗಿದನಂತೆ. ವನಜ ಸತ್ಯನಾರಾಯಣ ಪೂಜೆಗೆ ಬಂದ ಭಟ್ಟರಿಗೆ ಮಂಡಲ ಬರೆಯುವುದು ಪೀಸ್ ಆಫ್ ಕೇಕ್ ಅಲ್ಲವಾ ಎಂದಳು, ಭಟ್ಟರು ಮೊಟ್ಟೆ ಹಾಕಿದ್ದಾ ಎಂದು ಕೇಳಿ ಎದ್ದರು. ಪದ್ದುವಿನದ್ದು ಎಲ್ಲಕ್ಕಿಂತ ದೊಡ್ಡದು. ಅವಳ ಅಳಿಯ ಮದುವೆಯಾದ ಮೇಲೆ ಮೊದಲ ಸಲ ಬೊಂಬಾಯಿಯಿಂದ ಬಂದ. ಪದ್ದು ಕಾಲಿಗೆ ನೀರು ಕೊಟ್ಟು, ಆರತಿ ತಟ್ಟೆ ಹಿಡಿದು, ತನ್ನ ಹತ್ತಿರ ಇದ್ದ ಒಂದೇ ಒಂದು ದೊಡ್ಡ ಮಾತನ್ನು ಹೊಸಿಲಲ್ಲಿ ನಿಂತು ನಗುನಗುತ್ತಾ ಹೇಳಿದಳು. "ಓವರ್ ಮೈ ಡೆಡ್ ಬಾಡಿ." ಅಳಿಯ ಹಾಗೇ ತಿರುಗಿ ಕುಂದಾಪುರದ ಲಾಡ್ಜಿನಲ್ಲಿ ಮಲಗಿದ.

"ಅವಂಗೆ ಎಂತ ಕಮ್ಮಿ ಮಾಡ್ದೆ ನಾನ್?" ಎಂದು ಪದ್ದು ನನ್ನ ಹತ್ತಿರ ಅತ್ತಳು. ಅರ್ಥ ಹೇಳುವ ಧೈರ್ಯ ನನಗೆ ಬರಲಿಲ್ಲ. "ಬೊಂಬಾಯಿಯವರ್ಗೆ ನಾಚ್ಕಿ ಜಾಸ್ತಿ" ಎಂದೆ.

ಇಷ್ಟರಲ್ಲಿ ಹೈವೇ ಅಗಲ ಮಾಡುವ ಕೆಲಸ ಬಂತು. ಮೊದಲು ಗೋಡೆಗಳ ಮೇಲೆ ಕೆಂಪು ಗೆರೆ ಬಂತು. ಆಮೇಲೆ ಜೆಸಿಬಿ. ಚಂದಯ್ಯನವರ ಮನೆ, ಗೇಟು, ಗೇಟಿನ ಪಕ್ಕದ ತೆಂಗಿನಮರ ಎಲ್ಲ ಒಂದೇ ವಾರದಲ್ಲಿ ಹೋಯಿತು. ಅವರು ಸಾಸ್ತಾನದಲ್ಲಿರುವ ಮಗಳ ಮನೆಗೆ ಹೋದರು. ನಾನು ಎಂದಿನಂತೆ ಬುಟ್ಟಿ ಹೊತ್ತು ಹೋಗಿ ನಿಂತರೆ, ಗೇಟಿದ್ದಲ್ಲಿ ಗುಂಡಿ. ಬಾಯಿ ತೆರೆದೆ. ಏನೂ ಬರಲಿಲ್ಲ. ಗುಂಡಿಗೆ ಬಗ್ಗಿ ನೋಡಿದೆ.

"ಎಂತ ಹುಡ್ಕುದ್ ಅತ್ಗಿ? ಚಿನ್ನ ಬಿತ್ತಾ?" ಎಂದು ಜಲಜ ಕೇಳಿದಳು.

"ಇಂಗ್ಲಿಷ್."

"ಮಣ್ಣಿನ ಒಟ್ಟಿಗೆ ಲಾರಿಗೆ ಹಾಕಿರ್ಕ್. ಜೆಸಿಬಿಯವನತ್ರ ಕೇಣಿ."

ನಗಬೇಡಿ. ಸರ್ ಬರುವ ದಿನ ಗೊತ್ತಾಗಿತ್ತು, ಮತ್ತು ಅವರು ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ "ಹೌ ಆರ್ ಯು". ಅದಕ್ಕೆ ನನ್ನ ಉತ್ತರ ಇದ್ದದ್ದು ಆ ಗುಂಡಿಯಲ್ಲಿ.

ವಿನಯಾಳ ಹತ್ತಿರ ಮತ್ತೆ ಕೇಳಿದೆ. ಹೇಳಿಕೊಟ್ಟಳು. ಕೇಳಿದ ಹೊತ್ತಿಗೆ ಇರುತ್ತಿತ್ತು, ಬಾವಿಕಟ್ಟೆ ದಾಟುವಾಗ ಹೋಗುತ್ತಿತ್ತು. ಇಡಲು ಮನೆಯಿಲ್ಲದ ಮಾತು ಎಲ್ಲಿ ನಿಲ್ಲಬೇಕು? ಪದ್ದುವಿನ ಮನೆಯಲ್ಲಿ ಇಡುತ್ತೇನೆ ಎಂದು ಹೋದರೆ ಅವಳು ಮುಖ ತಿರುಗಿಸಿದಳು. "ಚಂದಯ್ಯ ಬಳ್ಸಿ ಬಿಟ್ಟದ್ದ್ ನಂಗೆಂತಕ್ಕೆ? ಹೊಸ್ತ್ ಇದ್ರೆ ತನ್ನಿ."

ವಿನಯಾ ಮೆಲ್ಲಗೆ ಹೇಳಿದಳು. "ಅಮ್ಮಮ್ಮ, ಆ ದಿನ ನೀವ್ ಹಿಂದೆ ಕೂಕಂಡ್ರೆ ಸಾಕ್. ಕಾಲೇಜಿನ ಹೆಣ್ಮಕ್ಳ್ ಹೇಳ್ತ್ರ್." ಅವಳ ಮುಖದಲ್ಲಿ ಬೊಂಬಾಯಿಯ ರೈಲು ಆಗಲೇ ಕೂಗುತ್ತಿತ್ತು.

"ಮೊದಲ್ನೇ ಮಗು ನಾನ್. ಮೊದಲ್ ಹೇಳುದೂ ನಾನೇ" ಎಂದೆ. ಕೊಟ್ಟ ಮಾತು ಕೊಟ್ಟದ್ದೇ. ಮರುದಿನ ಬಸ್ಸು ಹತ್ತಿ ಸಾಸ್ತಾನಕ್ಕೆ ಹೋದೆ, ಚಂದಯ್ಯನವರಲ್ಲಿ ಇಟ್ಟ ಇಂಗ್ಲಿಷನ್ನು ವಾಪಸು ಕೇಳಲು.

ಚಂದಯ್ಯ ಮಗಳ ಮನೆಯ ಜಗಲಿಯಲ್ಲಿ, ಊರು ಕಾಣದ ಕಡೆಗೆ ಮುಖ ಮಾಡಿ ಕೂತಿದ್ದರು. ವಿಷಯ ಕೇಳಿ ಸಿಟ್ಟಾದರು.

"ಕೊಟ್ಟ ಕೊಸ್ರ್ ಹಿಂದ್ ಕೇಂತ್ರ್ಯಾ? ಎಲ್ಲಾದ್ರೂ ಇತ್ತಾ ಹಾಂಗೆ?"

"ಕೊಸ್ರಲ್ದ್ ಚಂದಯ್ಯ. ಇಟ್ಟದ್ದ್."

"ಮನಿ ಹೋಯ್ತ್. ತೆಂಗಿನ್ ಮರ ಹೋಯ್ತ್. ಬೆಳಿಗ್ಗೆ ಮಾತಾಡ್ಸುಕ್ ಒಂದ್ ಜನ ಇಲ್ಲ. ಕೋಟೇಶ್ವರದಿಂದ ನಾನ್ ತಂದದ್ದ್ ಇದೊಂದೇ ಮಾತ್. ಇದನ್ನೂ ತಕಂಡ್ ಹೋಪುಕ್ ಬಂದ್ರ್ಯಾ?"

ನಾನು ಬುಟ್ಟಿಯಿಂದ ನಾಲ್ಕು ಕಾಣೆ ಮೀನು ತೆಗೆದು ಇಟ್ಟೆ. ಅವರು ಮೀನು ನೋಡಿದರು, ನನ್ನನ್ನು ನೋಡಿದರು. ಕೊನೆಗೆ ಒಂದು ಒಪ್ಪಂದವಾಯಿತು. ಮಾತು ವಾಪಸು ಕೊಡುವುದಿಲ್ಲ. ಆದರೆ ಪರೀಕ್ಷೆಯ ದಿನ ತಾವೇ ಮಾತಿನ ಸಮೇತ ಬಂದು ಕೂರುತ್ತಾರೆ.

ಬಸ್ಸಿನಲ್ಲಿ ಬರುವಾಗ ನನಗೆ ಇನ್ನೊಂದು ಮಹಾ ಉಪಾಯ ಹೊಳೆಯಿತು. ಚಂದಯ್ಯ ಬರುವುದಾದರೆ ಇಡೀ ದಾರಿಯೇ ಬರಲಿ. ನನಗೆ ನಾಲ್ಕನೇ ಮನೆಗೆ ನೇರ ಹೋಗಲು ಬರುವುದಿಲ್ಲ. ಮೊದಲ ಮೂರು ಗೇಟು ದಾಟಿದರೇ ನಾಲ್ಕನೆಯದು ನೆನಪಾಗುವುದು.

ಹಾಗೆ ಪರೀಕ್ಷೆಯ ದಿನ ನಮ್ಮ ಹೊರಕೋಣೆಯಲ್ಲಿ ಕೋಟೇಶ್ವರದ ಒಂದು ಬೀದಿ ಬಂದು ಕೂತಿತು. ಬಾಗಿಲ ಬಳಿ ಮಂಜಯ್ಯ, ಆಮೇಲೆ ವನಜ, ಆಮೇಲೆ ಪದ್ದು, ಇಬ್ಬರೂ ರೇಷ್ಮೆ ಸೀರೆಯಲ್ಲಿ. ಕೊನೆಯ ಕುರ್ಚಿ ಚಂದಯ್ಯನವರಿಗೆ, ಅದು ಖಾಲಿ. ಅವರ ಬಸ್ಸು ಹೈವೇ ಕೆಲಸದಲ್ಲಿ ಎಲ್ಲೋ ಸಿಕ್ಕಿಬಿದ್ದಿತ್ತು. ಕಾಲೇಜಿನ ಹೆಣ್ಣುಮಕ್ಕಳು ಮೂಲೆಯಲ್ಲಿ ನಿಂತಿದ್ದರು, ಅವರಿಗೆ ಕುರ್ಚಿ ಉಳಿದಿರಲಿಲ್ಲ. ನಾನು ಸಿಂಬೆ ಇಟ್ಟು, ಬುಟ್ಟಿ ಹೊತ್ತು, ಬುಟ್ಟಿಯಲ್ಲಿ ನಿಜವಾದ ಬಂಗಡೆ ತುಂಬಿಸಿ ಸಿದ್ಧಳಾದೆ. ಖಾಲಿ ಬುಟ್ಟಿ ಹೊತ್ತರೆ ನನಗೆ ದಾರಿ ಕಾಣುವುದಿಲ್ಲ.

ವಿನಯಾ ಒಳಗೆ ಬಂದವಳು ನೋಡಿ ಗೋಡೆ ಹಿಡಿದುಕೊಂಡಳು. "ಅಮ್ಮಮ್ಮ, ಇದೆಂತ?"

"ಹೆದ್ರಬ್ಯಾಡ. ಬೋರ್ಡ್ ನಿಂದೇ" ಎಂದೆ.

ಸರ್ ಬಂದರು. ಒಳ್ಳೆಯ ಮನುಷ್ಯ, ಇಸ್ತ್ರಿ ಅಂಗಿ, ಮೂಗಿಗೆ ಕರವಸ್ತ್ರ. ಕುರ್ಚಿಯಲ್ಲಿ ಕೂತು ನನ್ನನ್ನು, ನನ್ನ ಬುಟ್ಟಿಯನ್ನು ನೋಡಿ ಮೆತ್ತಗೆ ಕೇಳಿದರು. "ಹೌ ಆರ್ ಯು?"

ನಾನು ಒಂದು ಬೆರಳು ಎತ್ತಿ ತಡೆಯಿರಿ ಎಂದು ಸನ್ನೆ ಮಾಡಿ ಬಾಗಿಲಿಗೆ ಹೋದೆ. ಅಲ್ಲಿಂದ ಶುರು. "ಮೀನ್ ಬೇಕಾ ಮೀನೋ..."

ಮಂಜಯ್ಯ ರೂಢಿಯಂತೆ ತಲೆ ತಗ್ಗಿಸಿ, ಇಲ್ಲದ ಬೆಲ್ಲ ಒಡೆಯತೊಡಗಿದ. "ಲಾಂಗ್ ಟೈಮ್ ನೋ ಸೀ" ಎಂದೆ. ಗಡಿಯಾರದ ಹಾಗೆ ಬಂತು. ಮುಂದಕ್ಕೆ ಹೋದೆ. ವನಜ ನಿಜವಾದ ಮೀನು ಕಂಡು ಪರೀಕ್ಷೆ ಮರೆತಳು.

"ಕೊಯ್ದ್ ಕೊಡ್ತ್ರ್ಯಾ?"

"ಪೀಸ್ ಆಫ್ ಕೇಕ್."

"ನನ್ ಐದ್ ಮಾತಿಂದ್ ಎಲ್ಲಿ? ಸರ್ ಎದ್ರಗೇ ಕಮ್ಮಿ ಕೊಡ್ತ್ರ್ಯಾ?"

"ಒನ್ಸ್ ಇನ್ ಎ ಬ್ಲೂ ಮೂನ್" ಎಂದು ಅದನ್ನೂ ಕೊಟ್ಟೆ.

ಸರ್ ವಿನಯಾಳ ಕಡೆ ಬಗ್ಗಿದರು. "ನಾನು ಕೇಳಿದ್ದು ಇವರಿಗೆ ಗೊತ್ತಾಯ್ತಾ?"

"ಗೊತ್ತಾಯ್ದ್ ಸರ್" ಎಂದು ವಿನಯಾ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಬತ್ತಾ ಇದ್ರ್."

ಮೂರನೇ ಗೇಟು ಪದ್ದು. ಪದ್ದು ಒಂದು ಬಂಗಡೆ ಎತ್ತಿ, ಕಿವಿರು ಬಿಡಿಸಿ, ಮೂಸಿ, ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದಳು. "ಇದ್ ನಿನ್ನೆದ್ದ್."

ಮಂಗಳೂರಿನಿಂದ ಬಂದವರ ಎದುರು! ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ನಾನೇ ನಿಂತು ತೆಗೆದುಕೊಂಡ ಮೀನು. ನನಗೆ ಇಂಗ್ಲಿಷೂ ಬೇಡ, ಬೋರ್ಡೂ ಬೇಡ ಎನ್ನಿಸಿತು. "ನಿನ್ನೆದ್ದಾ? ಕಣ್ಣ್ ಕಾಣ್, ಕಿವಿರಿನ ಕೆಂಪ್ ಕಾಣ್, ನಿನ್ ಮೂಗ್ ನಿನ್ನೆದ್ದ್" ಎಂದು ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು. ಅಳಿಯನ ಲಾಡ್ಜಿನ ತನಕ ಹೋಯಿತು. ಬಿಡಿಸಲು ಸರ್ ಎದ್ದು ಬಂದರು. "ಅಮ್ಮ, ಕೂತ್ಕೊಳ್ಳಿ, ದಯವಿಟ್ಟು ಇಬ್ಬರೂ ಕೂತ್ಕೊಳ್ಳಿ" ಎಂದರು. ಪದ್ದುವಿಗೆ ದೊಡ್ಡವರು ಎದ್ದು ಬಂದದ್ದು ಸಂಕೋಚವಾಯಿತು. ಸೆರಗು ಸರಿಮಾಡಿ, ಕೈಮುಗಿದು, ತನ್ನ ಅತ್ಯುತ್ತಮ ಮರ್ಯಾದೆಯಲ್ಲಿ ಹೇಳಿದಳು. "ಓವರ್ ಮೈ ಡೆಡ್ ಬಾಡಿ."

ಸರ್ ಅಲ್ಲೇ ನಿಂತರು. ಅಷ್ಟರಲ್ಲಿ ನಾನು ಖಾಲಿ ಕುರ್ಚಿಯ ಎದುರು ಬಂದು ಮುಟ್ಟಿದ್ದೆ. ಬಾಯಿ ತೆರೆದೆ. ಕುರ್ಚಿ ನನ್ನನ್ನು ನೋಡಿತು, ನಾನು ಕುರ್ಚಿಯನ್ನು ನೋಡಿದೆ.

"ಹೌ. ಆರ್. ಯು" ಎಂದರು ಸರ್, ಕಿವಿ ಕೇಳದವರಿಗೆ ಹೇಳುವ ಹಾಗೆ.

ಬಂದಿದ್ದವರು ಕೆಟ್ಟ ಜನರಲ್ಲ. ನನ್ನ ಕಷ್ಟ ನೋಡಲಾರದೆ ಎಲ್ಲರೂ ಒಟ್ಟಿಗೆ ನನ್ನ ಪರವಾಗಿ ಉತ್ತರ ಕೊಡತೊಡಗಿದರು. ಮಂಜಯ್ಯ ಎದ್ದು ಬಹಳ ಕಾಲವಾಯಿತು ಎಂದ. ವನಜ ಸುಲಭ ಎಂದಳು, ಸಾಲದೆ ಅಪರೂಪಕ್ಕೊಮ್ಮೆ ಎಂದೂ ಸೇರಿಸಿದಳು. ಪದ್ದು ಇನ್ನೊಂದು ಸಲ ಕೈಮುಗಿದು ಹೆಣ ಬೀಳಿಸಿದಳು. ಎಲ್ಲ ಇಂಗ್ಲಿಷಿನಲ್ಲಿ, ಎಲ್ಲ ದೊಡ್ಡ ದನಿಯಲ್ಲಿ. ಆ ಗಲಾಟೆಯಲ್ಲಿ ಬೆಕ್ಕು ಬುಟ್ಟಿಗೆ ಹಾರಿ ಒಂದು ಬಂಗಡೆ ಕಚ್ಚಿಕೊಂಡು ಸರ್ ಕಾಲುಗಳ ನಡುವಿನಿಂದ ಓಡಿತು.

ಆಗ ಬಾಗಿಲಲ್ಲಿ ಚಂದಯ್ಯ. ತಲೆಯಿಂದ ಕಾಲಿನವರೆಗೆ ಹೈವೇಯ ಕೆಂಪು ಮಣ್ಣು. ಏದುಸಿರು. ನನಗೆ ಹೋದ ಜೀವ ಬಂತು. ಬಂದರಲ್ಲ ನನ್ನ ನಾಲ್ಕನೇ ಮನೆ! ಸರ್ ಪಾಪ, ಮುದುಕರು ದಣಿದಿದ್ದಾರೆ ಎಂದು ತಾವೇ ಕೈಹಿಡಿದು ಒಳಗೆ ಕರೆದು ಕೇಳಿದರು. "ಹೌ ಆರ್ ಯು?"

ಚಂದಯ್ಯ ಸರ್ ಮುಖ ನೋಡಲಿಲ್ಲ. ಮಂಜಯ್ಯನನ್ನು ನೋಡಿದರು, ವನಜಳನ್ನು, ಪದ್ದುವನ್ನು, ನನ್ನನ್ನು, ನನ್ನ ಬುಟ್ಟಿಯನ್ನು ನೋಡಿದರು. ಗ್ಯಾಸು, ಮೊಣಕಾಲು, ನಿದ್ದೆ, ಯಾವುದೂ ಆ ಮುಖದಲ್ಲಿ ಇರಲಿಲ್ಲ. ಬಾಯಿ ಕಿವಿಯವರೆಗೆ ಹೋಯಿತು.

"ಫೈನ್" ಎಂದರು ಚಂದಯ್ಯ. "ಫೈನ್, ಫೈನ್."

"ಹ್ವಾಯ್ ಚಂದಯ್ಯ, ನನ್ ಮಾತೆಲ್ಲಿ?" ಎಂದು ನಾನು ಕಿರುಚಿದೆ.

"ಅದಾ? ನಿಮ್ಮನ್ನೆಲ್ಲ ಕಂಡದ್ದೇ ಮರ್ತೇ ಹೋಯ್ತ್ ಮಾರಾಯ್ರೆ. ಇದ್ ಮೊಮ್ಮಗಳ್ ಹೇಳ್ಕೊಟ್ಟದ್ದ್."

ನಾನು ಬುಟ್ಟಿ ಇಳಿಸಿ ನೆಲದಲ್ಲೇ ಕೂತೆ. ಸರ್ ಕರವಸ್ತ್ರದಿಂದ ಹಣೆ ಒರಸಿ ವಿನಯಾಳನ್ನು ಕೇಳಿದರು. "ಈ ನಾಲ್ವರಿಗೆ ಇದನ್ನೆಲ್ಲ ಕಲಿಸಿದ್ದು ನೀವಾ?"

"ಅಲ್ಲ ಸರ್" ಎಂದಳು ಅವಳು. ಕಣ್ಣಲ್ಲಿ ನೀರಿತ್ತು, ಆದರೆ ನನ್ನ ಕಡೆ ಬೆರಳು ತೋರಿಸಲಿಲ್ಲ. ಬೆರಳು ತೋರಿಸಿದವಳು ಕಿಟಕಿಯ ಹೊರಗೆ ನಿಂತಿದ್ದ ಜಲಜ. "ಅತ್ಗಿ ಕಲ್ಸದ್ದ್ ಸರ್. ಮನಿಮನಿಗೆ ಹೋಯಿ."

ಸರ್ ಕರವಸ್ತ್ರ ಮಡಚಿ ಕನ್ನಡದಲ್ಲೇ, ಒಂದೊಂದೇ ಮಾತು ತೂಗಿ ಹೇಳಿದರು.

"ಕೋಟೇಶ್ವರಕ್ಕೆ ಇಂಗ್ಲಿಷ್ ಕ್ಲಾಸು ಬೇಕಾ ಬೇಡವಾ ಎಂದು ನೋಡಲು ನಾನು ಬಂದದ್ದು. ಬೆಳಿಗ್ಗೆ ಹೊರಡುವಾಗ ಬೇಡ ಎಂದೇ ಮನಸ್ಸಿತ್ತು, ಕುಂದಾಪುರದಲ್ಲಿ ಉಂಟಲ್ಲ ಎಂದು. ಈಗ ಹೇಳ್ತೇನೆ, ಬೇಕು. ತುರ್ತಾಗಿ ಬೇಕು. ಈ ಅಮ್ಮ ಮಾಡಿದ್ದನ್ನು ಸರಿ ಮಾಡಲಿಕ್ಕೇ ಎರಡು ಮೂರು ವರ್ಷ ಬೇಕು. ಈ ಊರನ್ನು ಹೀಗೇ ಬಿಟ್ಟು ಹೋಗಲಿಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ."

ಬೋರ್ಡು ಉಳಿಯಿತು. ಅದರ ಕೆಳಗೆ ವಿನಯಾಳ ಹೆಸರು ಬರೆಸಿದ್ದೂ ಆಯಿತು. ಮಂಜಯ್ಯ, ವನಜ, ಪದ್ದು ಮೂವರೂ ಅಂದೇ ಕ್ಲಾಸಿಗೆ ಸೇರಿದರು. ಪದ್ದು ಅರ್ಥ ಗೊತ್ತಾದ ದಿನ ಅಳಿಯನಿಗೆ ಫೋನು ಮಾಡಿ ಅತ್ತಳು, ನನಗೆ ಫೋನಿಲ್ಲದೆ ನೇರವಾಗಿ ಬಂದು ಬೈದಳು. ಸರ್ ಹೊರಡುವಾಗ ನನ್ನ ವಿಷಯದಲ್ಲಿ ಮಾತ್ರ ಒಂದು ಶರತ್ತು ಹಾಕಿದ್ದರು. ಇವರು ಕಲಿಯಬಹುದು, ಆದರೆ ಕಲಿತದ್ದನ್ನು ಗೇಟಿನಿಂದ ಹೊರಗೆ ಕೊಂಡುಹೋಗಬಾರದು. ಗೇಟಿನಿಂದ ಹೊರಗೆ ಹೋಗದೆ ನನಗೆ ಕಲಿಯಲು ಬರುವುದಿಲ್ಲವಲ್ಲ, ಹಾಗಾಗಿ ನನ್ನ ಇಂಗ್ಲಿಷು ಅಲ್ಲಿಗೆ ಮುಗಿಯಿತು. ಮತ್ತೆ ಎಲ್ಲರಿಗೂ ಮೀನೇ ಕೊಸರು.

ಈಗ ವಿನಯಾ ಬ್ರಹ್ಮಾವರದಲ್ಲಿ ಇನ್ನೊಂದು ಬೋರ್ಡು ಹಾಕಿದ್ದಾಳೆ, ಮೊದಲನೆಯದಕ್ಕಿಂತ ಉದ್ದದ್ದು. ಇಲ್ಲಿಯ ಕ್ಲಾಸಿಗೆ ವಾರದಲ್ಲಿ ಎರಡು ದಿನ ಬರುತ್ತಾಳೆ. ಇದನ್ನೆಲ್ಲ ಬರೆಯಲು ಕೂತಾಗ ಚಂದಯ್ಯನವರ ಮನೆಯ ಮಾತು ನನಗೆ ಎಷ್ಟು ತಡಕಿದರೂ ಸಿಗಲಿಲ್ಲ. ಹೈವೇಯಲ್ಲಿ ಈಗ ಆ ಗುಂಡಿಯೂ ಇಲ್ಲ, ಮೇಲಿಂದ ಲಾರಿ ಓಡುತ್ತದೆ. ಕಡೆಗೆ ಜಲಜಳ ಮೊಬೈಲಿನಿಂದ ಬ್ರಹ್ಮಾವರಕ್ಕೆ ಫೋನು ಮಾಡಿದೆ.

"ಹುಷಾರಿಲ್ಲ ಅಂಬುಕೆ ಎಂತ ಹೆಣ್ಣೇ ಅದ್? ಮಳಿ ಗಾಳಿದ್ದ್?"

"ಅಂಡರ್ ದಿ ವೆದರ್" ಎಂದು ಅವಳು ನಿಧಾನವಾಗಿ ಹೇಳಿದಳು. ನಾನು ಅಕ್ಷರ ಅಕ್ಷರ ಬರೆದು ಮುಗಿಸುವ ತನಕ ಕಾದಳು. ನನ್ನ ಬರವಣಿಗೆ ಗೊತ್ತಲ್ಲ, ಬಹಳ ಹೊತ್ತು ಕಾದಳು. ಆಮೇಲೆ ಕೇಳಿದಳು.

"ಆಯ್ತಾ? ಈಗ ನೀವ್ ಹೇಳಿ. ಹೌ ಆರ್ ಯು ಅಮ್ಮಮ್ಮ?"

ನಾನು ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ ಇನ್ನೊಂದು ಕೈಯನ್ನು ಗೂಟದ ಸಿಂಬೆಗೆ ಹಾಕಿದೆ. ಮಂಜಯ್ಯನ ಅಂಗಡಿಯಿಂದ ಶುರುಮಾಡಬೇಕಲ್ಲ. ಬ್ರಹ್ಮಾವರದಲ್ಲಿ ಕೂತವಳಿಗೆ ಅದು ಹೇಗೆ ಕಂಡಿತೋ ಗೊತ್ತಿಲ್ಲ.

"ಸಿಂಬಿ ಇಡಿ ಅಮ್ಮಮ್ಮ, ಎಲ್ಲಿಗೂ ಹೋಪುದ್ ಬ್ಯಾಡ" ಎಂದಳು ವಿನಯಾ. "ಕಣ್ಣ್ ಬಿದ್ರೆ ನನ್ ಮೇಲ್ ಬೀಳ್ಲಿ. ಒಂದೇ ಒಂದ್ ಸಲ, ನಿಂತಲ್ಲೇ ನಿಂತ್ಕಂಡ್, 'ಫೈನ್' ಅಂಬುಕ್ ಆತ್ತಿಲ್ಯಾ?"